ಡಬಲ್ ಬೆಲ್

ಚೆಂಬೂರು
ಗುರುವಾರ, 14 ನವೆಂಬರ್ 2024

ಮಗಳು ರಂಜನಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲ ಸರಿಯಾಗಿದೆ. ನನ್ನ ಮೊಣಕಾಲಿನ ಆಪರೇಷನ್ ಆಗಿ ಐದು ವಾರವಾಯಿತು. ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬರುತ್ತೇನೆ. ಫೋನ್ ಮಾಡಬಹುದಿತ್ತು, ಆದರೆ ಫೋನ್ ಹಿಡಿದರೆ ನನ್ನ ದನಿ ತಾನಾಗಿಯೇ ಏರುತ್ತದೆ, ಅದು ನಿನಗೂ ಗೊತ್ತು. ಅದಕ್ಕೇ ಕಾಗದ. ನಿಮ್ಮವ್ವ ರವಿವಾರ ನಿನಗೆ ರೊಟ್ಟಿ ಕೊಡಲು ಬರುತ್ತಾಳಲ್ಲ, ಅವಳ ಕೈಯಲ್ಲೇ ಕಳಿಸುತ್ತೇನೆ. ಭಜನೆಗೆ ಹೋಗಿದ್ದೆ ಎಂದು ನನಗೆ ಹೇಳುತ್ತಾಳೆ. ಭಜನೆಗೆ ಡಬ್ಬಿ ಯಾಕೆ ಬೇಕು ಎಂದು ನಾನೂ ಕೇಳಿಲ್ಲ.

ಈಗ ಬರೆಯುತ್ತಿರುವುದು ಒಂದು ಆಟದ ವಿಷಯ. ಆಪರೇಷನ್ ಆದ ಮರುವಾರ ನಿಮ್ಮವ್ವ ಎರಡು ಅಂಗೈ ಅಗಲದ ಒಂದು ವಿಡಿಯೋ ಗೇಮ್ ಯಂತ್ರ ತಂದು ನನ್ನ ಹೊಟ್ಟೆಯ ಮೇಲಿಟ್ಟಳು. ಪಕ್ಕದ ಮನೆಯ ಹಿತೇಶ್ ತನಗೆ ಬೇಡವೆಂದು ಕೊಟ್ಟನಂತೆ. "ಮಲಗಿದಲ್ಲೇ ಗಾಡಿ ಓಡಸ್ರಿ, ನನ್ನ ತಲಿ ತಿನ್ನೂದರ ತಪ್ಪತೈತಿ" ಎಂದಳು. ಯಂತ್ರಕ್ಕೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಇತ್ತು. ಹಿತೇಶ್ ತನ್ನ ಅಪ್ಪನ ಕಾಲದ ರೇಡಿಯೋವನ್ನೇ ಇನ್ನೂ ಒರೆಸಿ ಒರೆಸಿ ಇಟ್ಟುಕೊಂಡವನು. ಆದರೂ ಯಂತ್ರ ಕೈಗೆತ್ತಿಕೊಂಡೆ.

ಒಂದು ವಾರ ಒಬ್ಬನೇ ಓಡಿಸಿದೆ. ಆಮೇಲೆ ಹಿತೇಶ್ ಬಂದು ವೈಫೈ ಜೋಡಿಸಿ, "ಅಬ್ ಅಸಲಿ ಲೋಗೋಂ ಕೆ ಸಾಥ್ ಚಲಾವೋ, ಅಂಕಲ್" ಎಂದು, ನಿಜವಾದ ಮಂದಿಯ ಜೊತೆ ಆಡಲು ಯಾವುದೋ ನಂಬರ್ ಒತ್ತಿಕೊಟ್ಟ. ಒಟ್ಟು ಎಂಟು ಗಾಡಿ. ಎಲ್ಲೆಲ್ಲಿಯ ಜನವೋ, ಒಂದೊಂದು ಗಾಡಿಯ ಮೇಲೆ ಒಂದೊಂದು ಹೆಸರು. ಮಾತಿಲ್ಲ ಕತೆಯಿಲ್ಲ, ಹೊಡೆಯಲು ಒಂದು ಹಾರ್ನ್ ಅಷ್ಟೇ. ಯಾರೂ ಯಾರಿಗೂ ಸೈಡ್ ಕೊಡುವುದಿಲ್ಲ. ಒಬ್ಬ ನನ್ನನ್ನು ಗುದ್ದಿ ಕೆರೆಗೆ ಬೀಳಿಸಿದ. ಮೇಲಿನಿಂದ ಕೊಕ್ಕೆ ಬಂದು ನನ್ನನ್ನೆತ್ತಿ ರಸ್ತೆಗೆ ಬಿಟ್ಟಿತು. ಪಂಚನಾಮೆ ಇಲ್ಲ, ಡಿಪೋಗೆ ವರದಿ ಇಲ್ಲ! ಮೂವತ್ತೊಂದು ವರ್ಷ ಈ ಊರಲ್ಲಿ ಬಸ್ ಓಡಿಸಿ ಒಂದು ಕನ್ನಡಿಯನ್ನೂ ಒಡೆಯದವನಿಗೆ ಹೇಗಾಗಿರಬೇಕು ಹೇಳು. ನೆಟ್ ತಡವರಿಸಿದರೆ ಮುಂದಿದ್ದ ಗಾಡಿ ಮಾಯವಾಗಿ ಹಿಂದಿನಿಂದ ಬರುತ್ತದೆ. ನಾನು ಪ್ರತಿ ತಿರುವಿನಲ್ಲೂ ಬ್ರೇಕ್ ಹಾಕುವುದನ್ನು ನೋಡಿ ನಿಮ್ಮವ್ವ, "ಇಲ್ಲಿ ಯಾರ್ನ ಇಳಸಾಕತ್ತೀರಿ?" ಎಂದು ಕೇಳಿದಳು.

ಆದರೆ ಹೇಳಬೇಕಾದದ್ದು ಮೊದಲ ರೇಸಿನ ಮಾತು. ದೀಪ ಹಸಿರಾಯಿತು, ಮುಂದಿದ್ದವರೆಲ್ಲ ಬುರ್ರನೆ ಹೋದರು. ನಾನು ನಿಂತೇ ಇದ್ದೆ. ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲೇ ಇಲ್ಲ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಗ್ನಲ್ ಏನೇ ಹೇಳಲಿ, ಸ್ಟಾಪಿನಲ್ಲಿ ನಿಂತ ಬಸ್ಸನ್ನು ಬಿಡುವುದು ಕಂಡಕ್ಟರ್ ಹಗ್ಗ ಎಳೆದು ಎರಡು ಗಂಟೆ ಹೊಡೆದ ಮೇಲೆಯೇ. ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಮೂವತ್ತೊಂದು ವರ್ಷ ಆ ಡಬಲ್ ಬೆಲ್ ಕೇಳದೆ ನಾನು ಗಾಡಿ ಬಿಟ್ಟವನಲ್ಲ. ಹಾಸಿಗೆಯಲ್ಲಿ ಮಲಗಿ ಗೊಂಬೆ ಕಾರು ಓಡಿಸುವಾಗಲೂ ಅದೇ ಆಯಿತು.

ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ಒಂದು. ತುಸು ತಡೆದು, ಇನ್ನೊಂದು. ಹೆಬ್ಬೆರಳು ಒತ್ತಿಬಿಟ್ಟಿತು.

ತಿರುಗಿ ನೋಡಿದರೆ ಒಂದು ಕೆಂಪು ಗಾಡಿ, ಮೇಲೆ ಶೀತಲ ಎಂದು ಹೆಸರು. ಅದು ಮಲಾಡ್‌ನಲ್ಲಿ ನಿನ್ನ ರೂಮಿನಲ್ಲಿರುವ ಹುಡುಗಿಯ ಹೆಸರು, ನಿಮ್ಮವ್ವನ ಬಾಯಿಂದ ಎಂದೋ ಜಾರಿತ್ತು. ಆದರೆ ಅದು ನೀನೇ ಎಂದು ನನಗೆ ಗುರುತು ಸಿಕ್ಕಿದ್ದು ಹೆಸರಿನಿಂದಲ್ಲ. ನೀನು ಆರೇಳು ವರ್ಷದವಳಿದ್ದಾಗ ರವಿವಾರ ನನ್ನ ಬಸ್ಸಿಗೆ ಬರುತ್ತಿದ್ದೆ. ಕಂಡಕ್ಟರ್ ಸಾಯಬಣ್ಣ ನಿನ್ನನ್ನು ಎತ್ತಿ ಹಗ್ಗ ಎಳೆಯಲು ಬಿಡುತ್ತಿದ್ದ. ಒಂದು ಗಂಟೆ ಹೊಡೆದು ನೀನು ಇಷ್ಟು ತಡ ಮಾಡುತ್ತಿದ್ದೆ. ನಾನು ನಿಲ್ಲಬೇಕೋ ಏನೋ ಎಂದು ಬ್ರೇಕ್ ತುಳಿಯುವಷ್ಟರಲ್ಲಿ ಎರಡನೆಯದು ಬರುತ್ತಿತ್ತು. "ಯವ್ವಾ, ಎರಡೂ ಕೂಡಿಸಿ ಹೊಡಿಬೇಕು" ಎಂದು ಸಾಯಬಣ್ಣ ನಗುತ್ತಿದ್ದ. ಇಪ್ಪತ್ತು ವರ್ಷವಾದರೂ ನೀನು ಕಲಿತಿಲ್ಲ.

ಅಂದಿನಿಂದ ಮೂರು ವಾರ, ಸಂಜೆ ಏಳೂವರೆಗೆ ಹಿತೇಶ್ ಬಂದು ಅದೇ ನಂಬರ್ ಒತ್ತುತ್ತಾನೆ. ನೀನು ಹಾರ್ನ್ ಹೊಡೆಯುವವರೆಗೆ ನನಗೆ ಗಾಡಿ ಬಿಡಲು ನೆನಪಾಗುವುದಿಲ್ಲ. ಹಾಳು ಅಭ್ಯಾಸ, ಹೋಗುತ್ತಿಲ್ಲ. "ಎಷ್ಟ ಸಲ ಹೇಳೂದು, ಹಸರ ಬಿತ್ತಂದ್ರ ಬಿಡ್ರಿ" ಎಂದು ನಿಮ್ಮವ್ವ ಬೈಯುತ್ತಾಳೆ. ನಾನು ಏಳನೆಯವನು, ನೀನು ಎಂಟನೆಯವಳು, ದಿನಾ ಇದೇ.

ರಂಜನಾ, ನೀನು ಹೆವಿ ಲೈಸೆನ್ಸ್ ಮತ್ತು ಬಸ್ ಡ್ರೈವರ್ ಕೆಲಸದ ಕಾಗದ ತಂದು ನನ್ನ ಮುಂದಿಟ್ಟ ದಿನ ನಾನು ಆಡಿದ ಮಾತು ನನಗೆ ನೆನಪಿದೆ. "ನೀ ಸ್ಟಿಯರಿಂಗ್ ಹಿಡದ ಬಸ್ಸಿನ್ಯಾಗ ನಾ ಕಾಲ ಇಡೂದಿಲ್ಲ" ಎಂದಿದ್ದೆ. ಮಂದಿ ಏನಂದಾರು ಎಂಬುದೂ ಅದರಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಾಗಿ ಹೆದರಿಕೆ ಇತ್ತು. ಆ ಸೀಟಿನಲ್ಲಿ ಕೂತು ಬೈಗುಳ ತಿಂದಿದ್ದೇನೆ, ಗಾಜಿಗೆ ಕಲ್ಲು ಬಿದ್ದದ್ದು ನೋಡಿದ್ದೇನೆ, ಟ್ರಾಫಿಕ್‌ನಲ್ಲಿ ಮೂರು ತಾಸು ಮೂತ್ರ ಕಟ್ಟಿಕೊಂಡು ಕೂತಿದ್ದೇನೆ. ಮಗಳಿಗೆ ಅದು ಬೇಡವೆಂದು ಹೇಳುವ ಬದಲು ಕೂಗಾಡಿದೆ. ನೀನು ಮರುವಾರ ಮಲಾಡ್‌ಗೆ ಹೋದೆ.

ನೀನು ಗಾಡಿ ಓಡಿಸುವುದನ್ನು ನಾನು ನೋಡಿಯೇ ಇರಲಿಲ್ಲ. ಈ ಮೂರು ವಾರ ನೋಡಿದೆ. ಅಂತರ ಬಿಟ್ಟು ಬರುತ್ತೀ. ತಿರುವಿಗೆ ಮುಂಚೆಯೇ ನಿಧಾನ ಮಾಡುತ್ತೀ. ಹೋದ ಶನಿವಾರ ಸೇತುವೆಯ ಮೇಲೆ ಒಬ್ಬ ಒಂದು ಸುತ್ತು ಮುಗಿಸಿ ನನ್ನನ್ನು ಗುದ್ದಲು ಬಂದಾಗ ನಡುವೆ ನುಗ್ಗಿ ನೀನೇ ನೀರಿಗೆ ಬಿದ್ದೆ. ಕೊಕ್ಕೆ ನಿನ್ನನ್ನು ಎತ್ತುವವರೆಗೆ ನಾನು ಸೇತುವೆಯ ಮೇಲೆ ಗಾಡಿ ನಿಲ್ಲಿಸಿಕೊಂಡಿದ್ದೆ. ರೇಸ್ ಮುಗಿದೇ ಹೋಯಿತು, ನಾವಿಬ್ಬರೂ ಊರು ಸೇರಲಿಲ್ಲ. ನಾನು ಎಷ್ಟು ನಕ್ಕೆನೆಂದರೆ ಹೊಲಿಗೆ ಹಾಕಿದ ಜಾಗ ನೋಯಿತು.

ನಮ್ಮಲ್ಲಿ ಅಪ್ಪ ಮಗಳಿಗೆ ಉಪಕಾರವಾಯಿತು ಎನ್ನುವ ರೂಢಿ ಇಲ್ಲ. ನಾನು ಅನ್ನುತ್ತೇನೆ. ಹಿತೇಶ್‌ನ ಹೆಸರಲ್ಲಿ ನೀನು ಕಳಿಸಿದ ಯಂತ್ರಕ್ಕೆ, ದಿನಾ ಡ್ಯೂಟಿ ಮುಗಿಸಿ ದಣಿದು ಬಂದು ಮುದುಕನ ಹಿಂದೆ ಗಾಡಿ ಓಡಿಸಿದ್ದಕ್ಕೆ, ಒಂದು ದಿನವೂ ನನ್ನನ್ನು ಕೊನೆಯವನಾಗಲು ಬಿಡದೆ ಇದ್ದದ್ದಕ್ಕೆ, ನಿನಗೆ ಬಹಳ ಉಪಕಾರವಾಯಿತು, ಮಗಳೇ.

ಡಿಸೆಂಬರ್ ಒಂದರಿಂದ ಹೊರಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಂದು ರವಿವಾರ. ಮಲಾಡ್ ಸ್ಟೇಷನ್‌ನಿಂದ ನಿನ್ನ ಬಸ್ ಎಷ್ಟು ಗಂಟೆಗೆ ಬಿಡುತ್ತದೆ ಎಂದು ನಿಮ್ಮವ್ವನ ಕೈಯಲ್ಲಿ ಬರೆದು ಕಳಿಸು. ಟಿಕೆಟ್ ತೆಗೆಸಿಯೇ ಕೂರುತ್ತೇನೆ. ನೀನು ಓಡಿಸುವಾಗ ನಡುವೆ ಬಾಯಿ ಹಾಕುವುದಿಲ್ಲ. ಒಂದೆರಡು ಸಲ ಹಾಕಿದರೆ ಸಹಿಸಿಕೋ. ಮೆಟ್ಟಿಲು ಹತ್ತಲು ತುಸು ತಡವಾಗುತ್ತದೆ, ಅಲ್ಲಿಯವರೆಗೆ ಬಸ್ ಬಿಡಬೇಡ.

ನಿನ್ನ ಅಪ್ಪ,
ಮುರಿಗೆಪ್ಪ

ತಾ.ಕ.: ಹಾಳು ಅಭ್ಯಾಸ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲ ದಿನ ಮಾತ್ರ ಅಭ್ಯಾಸದಿಂದ ನಿಂತಿದ್ದೆ. ಮರುದಿನದಿಂದ ಹಸಿರು ಬಿದ್ದದ್ದು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ನೀನು ಹಾರ್ನ್ ಹೊಡೆಯಲಿ ಎಂದು ನಿಲ್ಲುತ್ತಿದ್ದೆ.