ಚಿವುಟಿದ ಕುಡಿಗಳು

೧೭ ಆಗಸ್ಟ್ ೧೯೮೬, ಭಾನುವಾರ. ಪೆಸಿಫಿಕಾ. ದಿನವಿಡೀ ಮಂಜು.

ಅವ್ವ ಇವತ್ತು ಗಾಂಜಾ ಗಿಡಗಳ ಕುಡಿಗಳನ್ನೆಲ್ಲ ಚಿವುಟಿಬಿಟ್ಟಿದ್ದಾಳೆ, ಊರಲ್ಲಿ ಸೇವಂತಿಗೆಗೆ ಮಾಡುತ್ತಿದ್ದ ಹಾಗೆ.

"ಇಷ್ಟ ಓದೀದಿ, ಕುಡಿ ಚೂಟೂದು ಗೊತ್ತಿಲ್ಲೇನ? ಇನ್ನ ಟೊಂಗಿ ಒಡದು ನಿನ್ನ ಹೇಣ್ತಿಗೆ ಹೂ ಮಸ್ತ್ ಸಿಗ್ತಾವ ನೋಡು."

ಈ ಗಿಡ್ಡ ತಳಿ ಬೇರೆ ಗಾಂಜಾದ ಹಾಗೆ ಹೂಬಿಡಲು ಹಗಲು ಮೊಟಕಾಗಲೆಂದು ಕಾಯುವುದಿಲ್ಲ. ವಯಸ್ಸಿಗೆ ಬಂದೊಡನೆ ಹೂಬಿಡುತ್ತದೆ; ಟೊಂಗೆ ಒಡೆಯುವಷ್ಟು ಕಾಲ ಅದಕ್ಕಿಲ್ಲ, ಚಿವುಟಿದರೆ ಹೂವೂ ಇಲ್ಲ. ಮಂಜಿಗೆ ಬೂಷ್ಟು ಹಿಡಿಯುವ ಮೊದಲೇ ಹೂ ಸಿಗಲೆಂದು ನಾನು ಮೂರು ಬೇಸಿಗೆ ಕೂತು ಬೆರಕೆ ಮಾಡಿದ ತಳಿ.

ಬೀಜಕ್ಕೆಂದು ಮೊದಲೇ ಬಿತ್ತಿ ಗ್ಯಾರೇಜಿನ ಹಿಂದೆ ಇಟ್ಟ ಗಿಡವೊಂದೇ ಉಳಿದಿದೆ. ಹೂಬಿಟ್ಟಿದೆ. ಪರಾಗ ಸೋಕಿಸಿದರೆ ತಳಿ ಉಳಿಯುತ್ತದೆ.

ಕೀಮೋ ಆದಮೇಲೆ ಶೈಲಜಾಳಿಗೆ ಎರಡು ದಮ್ಮು ಎಳೆಯದೆ ಗಂಜಿಯೂ ನಿಲ್ಲುವುದಿಲ್ಲ. ಊಟಕ್ಕೆ ಕೂತಾಗ ಕೇಳಿದಳು: "ಗುರುವಾರದ ಕೀಮೋಕ್ಕ ಇರತದಲ್ರೀ?"

"ಇರತದ" ಎಂದೆ. ಒಣಗಿಸಿಟ್ಟ ಹೂವಿನ ಡಬ್ಬಿ ಖಾಲಿಯಾಗಿದೆ.

ನಾಳೆ ಆ ಗಿಡವನ್ನೇ ಕೊಯ್ದು ಹೀಟರಿನ ಹತ್ತಿರ ಒಣಹಾಕುತ್ತೇನೆ. ಬೀಜ ಬೇಡ. ಮುಂದಿನ ಬೇಸಿಗೆಗೆ ಶೈಲಜಾ—