ಎರಡೂವರೆ ಕಿಲೋ ಇಳಿದ ಸುದ್ದಿ

ಅಕ್ಕಿಹೆಬ್ಬಾಳು ಪಕ್ಕದ ನಮ್ಮೂರಿನಿಂದ
ಗುರುವಾರ ಸಂಜೆ, ೧೯ ಜೂನ್ ೨೦೨೫

ನನ್ನ ಮುದ್ದು ಅಮ್ಮನಿಗೆ,

ಇಳಿದೆ ಅಮ್ಮಾ, ಕೊನೆಗೂ ಇಳಿದೆ, ಎಂಬತ್ತೇಳರಿಂದ ಎಂಬತ್ತನಾಲ್ಕೂವರೆಗೆ, ಪೂರ್ತಿ ಎರಡೂವರೆ ಕಿಲೋ! ಮದುವೆಯ ದಿನದಿಂದ ಎಂಟು ವಾರ ಅಲ್ಲಾಡದೆ ಕೂತಿದ್ದ ಅಂಕಿ ಕೊನೆಗೂ ಅಲ್ಲಾಡಿ, ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರೇ ಇಷ್ಟಕ್ಕೆ ಬಂದು ನಿಂತಿತ್ತು. ಪ್ರತಿ ಫೋನಿನಲ್ಲೂ ನೀನು ಪಿಸುಗುಟ್ಟಿ ಕೇಳುವ ‘ಎಷ್ಟಾಯ್ತೇ?’ ಎಂಬ ಪ್ರಶ್ನೆಗೆ ಮೊದಲ ಸಲ ಒಳ್ಳೆಯ ಉತ್ತರ ಸಿಕ್ಕಿದೆ. ಅದಕ್ಕೇ ಅದನ್ನು ಮೊದಲು ಬರೆದೆ. ಉಳಿದದ್ದನ್ನು ಬರೆಯಲು ಸ್ವಲ್ಪ ಧೈರ್ಯ ಬರಲಿ ಅಂತ.

ಫೋನ್ ಮಾಡದೆ ಇದೇನು ಕಾಗದ ಎನ್ನಬೇಡ. ಈ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಜಗಲಿಯ ಮೇಲೆ ಮಾತ್ರ, ಅಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಾರೆ. ಅಲ್ಲದೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ನನ್ನ ನಾದಿನಿ ಅನು ನಾಳೆ ಮೊದಲ ಬಸ್ಸಿಗೆ ಮೈಸೂರಿನ ಕಾಲೇಜಿಗೆ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ನಾವು ಎದುರುಬದುರಾಗುವ ಮೊದಲು ನೀನು ಇದನ್ನು ಓದಿರಬೇಕು. ಕೂತು ಓದು. ಅರ್ಧಕ್ಕೇ ಎದ್ದು ಅಪ್ಪನನ್ನು ಕೂಗಬೇಡ, ಪ್ಲೀಸ್.

ಗಂಡನಾಗಿ ಕಿಶನ್ ಎಷ್ಟು ಒಳ್ಳೆಯವರು ಅಂತ ನಾನು ಬರೆಯಲು ಶುರುಮಾಡಿದರೆ ಈ ನೋಟ್‌ಬುಕ್ಕೇ ಸಾಲದು. ಆಲೆಮನೆಯಿಂದ ಬರುವಾಗ ಮೈಯೆಲ್ಲಾ ಬೆಲ್ಲದ ವಾಸನೆ! ಮೊದಲ ವಾರವೇ ಬಿಸಿ ಪಾಕವನ್ನು ಬಾಳೆಲೆಯ ಮೇಲೆ ತಂದು ಬಾಯಿಗೇ ಇಟ್ಟರು. ಬೇಡವೆನ್ನಲು ಆಗಲಿಲ್ಲ. ಹತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಸಿಹಿ ತಿಂದರೆ ಹೀಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದ ಹಾಗೇ. ನಾಚಿಕೊಂಡೆ ಎಂದುಕೊಂಡು ಅವರು ನಕ್ಕರು. ನಾನೂ ನಕ್ಕೆ.

ನಗದೆ ಏನು ಹೇಳುವುದು? ಹೊಟ್ಟೆಯ ಮೇಲಿನ ಐದು ಗುರುತು ಪಿತ್ತಕೋಶದ ಕಲ್ಲಿನ ಆಪರೇಷನ್ನಿನವು ಎಂದು ನೀನೇ ಇವರಿಗೆಲ್ಲ ಹೇಳಿದ್ದೆಯಲ್ಲ. ನೂರಾ ಹದಿನೆಂಟು ಕಿಲೋ ಇದ್ದ ಹುಡುಗಿ ತೂಕ ಇಳಿಸಲೆಂದು ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಸಿಕೊಂಡಿದ್ದಾಳೆ ಎಂದರೆ ಯಾರು ಒಪ್ಪುತ್ತಾರೆ ಅಂತ. ನಿನ್ನನ್ನು ದೂರುತ್ತಿಲ್ಲ ಅಮ್ಮಾ. ನಾನೂ ತಲೆಯಾಡಿಸಿದ್ದೆ.

ಒಂಬತ್ತು ತಿಂಗಳಿಗೆ ಮೂವತ್ತೊಂದು ಕಿಲೋ ಕಡಿಮೆಯೇನಲ್ಲ, ಕೆಲವರ ದೇಹ ನಿಧಾನ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿದೆ. ಆದರೆ ನನ್ನ ಜೊತೆ ಅದೇ ವಾರ ಆಪರೇಷನ್ ಆದ ಅಪರ್ಣ ಐವತ್ತು ಇಳಿದು, ಹಳೆಯ ಚೂಡಿದಾರದೊಳಗೆ ತಂಗಿಯನ್ನೂ ನಿಲ್ಲಿಸಿಕೊಂಡು ತೆಗೆಸಿದ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾಳೆ. ನಾನು ಅದಕ್ಕೆ ಹತ್ತು ಹೃದಯ ಒತ್ತಿ ಫೋನನ್ನು ದಿಂಬಿನ ಕೆಳಗೆ ಇಡುತ್ತೇನೆ. ಇಷ್ಟೆಲ್ಲ ಕತ್ತರಿಸಿದ ಮೇಲೂ ಇಳಿಯದಿದ್ದರೆ ಇನ್ನು ಕತ್ತರಿಸಲು ಏನು ಉಳಿದಿದೆ? ಮತ್ತೆ ನೂರು ದಾಟಿದರೆ? ಈ ಮನೆಯ ಮಂಚ, ಈ ಮನೆಯ ಪ್ಲಾಸ್ಟಿಕ್ ಕುರ್ಚಿ, ಕಿಶನ್ ಬೈಕು, ಎಲ್ಲವನ್ನೂ ನೋಡುವಾಗ ಇದೇ ಭಯ.

ಮನೆಯಲ್ಲಿ ತಕ್ಕಡಿ ಇಲ್ಲ. ಆದ್ದರಿಂದ ಕಿಶನ್ ಹೊರಗೆ ಹೋದಾಗ ಆಲೆಮನೆಗೆ ಹೋಗಿ ಬೆಲ್ಲ ತೂಗುವ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಕೊಪ್ಪರಿಗೆ ನೋಡಿಕೊಳ್ಳುವ ಮಂಚಯ್ಯ ಒಂದು ದಿನ ಹಿಡಿದೇಬಿಟ್ಟ. “ಯಾಕವ್ವ, ಬೆಲ್ಲದ ಜೊತೆ ನೀನೂ ಮಂಡಿಗೆ ಒಂಟಿದ್ದೀಯಾ? ಇಳಿಯವ್ವ ಕೆಳೀಕೆ, ಚಿನ್ನದ ರೇಟು ಕೊಟ್ರೂ ನಿಮ್ಮತ್ತೆ ನಿನ್ನ ಮಾರಕಿಲ್ಲ!” ಎಂದ. ಎಷ್ಟು ನಕ್ಕೆವು ಗೊತ್ತಾ!

ಈಗ ನಗದ ಭಾಗ. ಹೊಸ ಜೋಡಿ ಅಂತ ಪ್ರತಿ ನೆಂಟರ ಮನೆಯಲ್ಲೂ ಊಟ. ಪ್ರತಿ ಮನೆಯಲ್ಲೂ ಮುದ್ದೆ, ಕೋಳಿ ಸಾರು. ನನಗೆ ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕೆಂದು ಹೇಳಿದ್ದಾರೆ, ಇಲ್ಲಿ ಮುದ್ದೆ ಅಗಿದರೆ ಊರೇ ನಗುತ್ತದೆ. ಪಾಂಡವಪುರದ ದೊಡ್ಡತ್ತೆ, “ಇದೇನವ್ವ, ಮುದ್ದೇನ ಬಬ್ಬಲ್‌ಗಮ್ ಅಗ್ದಂಗೆ ಅಗೀತಿದ್ದೀಯ, ನುಂಗು” ಎಂದು ಬೆನ್ನು ತಟ್ಟಿದರು. ನುಂಗಿದೆ. ಆಮೇಲೆ ಹಿತ್ತಲಿಗೆ ಓಡಿದೆ. ಮೊದಮೊದಲು ಅಂಥ ಊಟದ ದಿನ ಮಾತ್ರ ವಾಂತಿ. ಆಮೇಲೆ ದಿನವೂ. ಆಮೇಲೆ ನೀರು ಕುಡಿದರೂ. ಅಂಕಿ ಇಳಿಯಲು ಶುರುವಾದದ್ದೂ ಆಗಲೇ. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ ಅಮ್ಮಾ. ಇಳಿಯುತ್ತಿದೆಯಲ್ಲ ಅಂತ ಸುಮ್ಮನಿದ್ದೆ. ಹನ್ನೆರಡು ದಿನ.

ಭಾನುವಾರ ಅತ್ತೆ ನನ್ನ ಹಣೆ ಹಿಡಿದು, ಬಾಯಿ ಒರೆಸಿ, ಮೆಲ್ಲಗೆ ಕೇಳಿದರು, “ನಿಂತೈತೇನವ್ವ?” ನಾನು ತಲೆ ತಗ್ಗಿಸಿದೆ. ಈ ಮನೆಯಲ್ಲಿ ಹೊಸ ಸೊಸೆ ತಲೆ ತಗ್ಗಿಸಿದರೆ ಹೌದು ಎಂದರ್ಥ. ಸಂಜೆಯೊಳಗೆ ಮಾವಿನಕಾಯಿ ಬಂತು, ಬೀದಿಯ ಹೆಂಗಸರು ಬಂದರು. ಕಿಶನ್ ನನ್ನ ಕೈಯಿಂದ ಹಾಲಿನ ಚೊಂಬನ್ನೂ ಕಿತ್ತುಕೊಂಡು, ಇನ್ನು ಏನನ್ನೂ ಎತ್ತಬೇಡ ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮಗು ಇಲ್ಲ ಅಮ್ಮಾ. ನಾನು ಆಗಲೇ ಪರೀಕ್ಷೆ ಮಾಡಿಕೊಂಡಿದ್ದೆ. ಒಂದೇ ಗೆರೆ. ಆಪರೇಷನ್ ಆಗಿ ಒಂದೂವರೆ ವರ್ಷ ಮಗು ಬೇಡ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತಲ್ಲ. ಆದರೂ ಇಲ್ಲವೆನ್ನಲಿಲ್ಲ. ಯಾಕೆಂದರೆ ಆ ಕ್ಷಣದಿಂದ ವಾಂತಿಗೆ ಒಂದು ಕಾರಣ ಸಿಕ್ಕಿತು, ತಿನ್ನು ಎಂದು ಬಲವಂತ ಮಾಡುವುದು ನಿಂತಿತು. ಮುಂದಿನ ವಾರ ಆಷಾಢಕ್ಕೆ ಹೇಗೂ ತವರಿಗೆ ಬರುತ್ತೇನೆ, ತಿಂಗಳು ಕಳೆದು ಹಿಂತಿರುಗಿದಾಗ ‘ನಿಲ್ಲಲಿಲ್ಲ’ ಎಂದರಾಯಿತು ಎಂದುಕೊಂಡಿದ್ದೆ. ಹೌದು, ನಿನ್ನ ಮಗಳೇ ಹಾಗೆ ಯೋಚಿಸಿದ್ದು.

ಇವತ್ತು ಆ ಎರಡೂವರೆ ಕಿಲೋ ನೋಡಿ ಖುಷಿಯಿಂದ ಯಂತ್ರದಿಂದ ಇಳಿದೆನಲ್ಲ, ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ಬಿದ್ದೆ. ನಾಲ್ಕು ದಿನದಿಂದ ಪಾದ ಜೋಮು ಹಿಡಿದಂತಿತ್ತು, ಚಪ್ಪಲಿ ಕಳಚಿಹೋದರೂ ತಿಳಿಯುತ್ತಿರಲಿಲ್ಲ. ಎತ್ತಲು ಓಡಿಬಂದ ಮಂಚಯ್ಯ ನನಗೆ ಇಬ್ಬರಾಗಿ ಕಂಡ. ಅವನು ಅತ್ತೆಯನ್ನು ಕೂಗಿದ. “ಸುಸ್ತು ಕಣವ್ವ, ಬಸುರಿ ಎಂಗ್ಸು. ಒಂದು ಬಾಟ್ಲು ಗ್ಲೂಕೋಸ್ ಆಕಿಸ್ಕಂಡು ಬರಾನ ನಡಿ” ಎಂದು ಅತ್ತೆ ಆಟೋ ಕರೆಸಿದರು. ಸೀರೆ ಬದಲಿಸುವ ನೆಪದಲ್ಲಿ ಗೋಡೆ ಹಿಡಿದು ಮಹಡಿ ಹತ್ತಿ, ಅಲ್ಲಿ ಸಿಗುವ ಒಂದು ಗೆರೆ ಸಿಗ್ನಲ್ಲಿಗೆ ನೀರಿನ ಟ್ಯಾಂಕಿನ ಮೇಲೆ ಕೂತು, ಆಪರೇಷನ್ ಆದ ಆಸ್ಪತ್ರೆಯ ಡಯಟೀಷಿಯನ್ ರಂಜನಿ ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ ವಿಟಮಿನ್ ಮಾತ್ರೆಗಳ ಬಗ್ಗೆ. ಹೊಸ ಮನೆಯಲ್ಲಿ ಇಷ್ಟೊಂದು ಮಾತ್ರೆ ಯಾಕೆ ಎಂದು ಕೇಳುತ್ತಾರೆ, ಸ್ವಲ್ಪ ದಿನ ಬಿಡು ಎಂದು ನೀನು ಬೀರುವಿನಲ್ಲಿ ಇಟ್ಟುಕೊಂಡ ಆ ಡಬ್ಬಿ. ಎರಡು ತಿಂಗಳಿಂದ ತೆಗೆದುಕೊಂಡಿಲ್ಲ ಎಂದೆ. ಅವರ ದನಿಯೇ ಬದಲಾಯಿತು.

“ಮೇಘನ, ಇದು ಬಿ-ಒನ್ ವಿಟಮಿನ್ ಖಾಲಿಯಾಗಿರೋ ಲಕ್ಷಣ. ಇವತ್ತೇ ಇಂಜೆಕ್ಷನ್ ಆಗಬೇಕು. ಅದಕ್ಕೆ ಮೊದಲು ಯಾರಾದ್ರೂ ಗ್ಲೂಕೋಸ್ ಹಾಕಿದ್ರೆ ತಲೆಗೇ ಹೊಡೆತ ಬೀಳಬಹುದು. ಆಪರೇಷನ್ ಆಗಿದೆ ಅಂತ ಬಾಯಿಬಿಟ್ಟು ಹೇಳಬೇಕು, ಕೇಳಿಸ್ತಾ?”

ಪೇಟೆಯ ಡಾಕ್ಟರ ಶಾಪಿನಲ್ಲಿ ನನ್ನನ್ನು ಮಲಗಿಸಿದರು. ನರ್ಸ್ ಬಾಟಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಎಷ್ಟು ತಿಂಗಳು ಎಂದು ಡಾಕ್ಟರು ಕೇಳಿದರು. “ಎಲ್ಡು ತುಂಬ್ತದೆ ಕಣ್ಸಾ” ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾ. ಆ ಒತ್ತುವಿಕೆ ನನಗೆ ಗೊತ್ತಾಗುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು ಅಷ್ಟೆ. ನರ್ಸ್ ನರ ಹುಡುಕಲು ನನ್ನ ಕೈ ತಟ್ಟತೊಡಗಿದಳು. ಹೇಳಿದರೆ ಮದುವೆ ಹೋಗುತ್ತದೆ, ಹೇಳದಿದ್ದರೆ ನಾನೇ ಹೋಗಬಹುದು. ಅಷ್ಟು ಸರಳವಾಗಿತ್ತು, ಆದರೂ ಸೂಜಿ ಚರ್ಮಕ್ಕೆ ತಾಗುವವರೆಗೆ ದನಿ ಬರಲಿಲ್ಲ ನೋಡು. ಆಮೇಲೆ ಕಿರುಚಿದೆ. ಮಗು ಇಲ್ಲ, ಕಲ್ಲೂ ಇರಲಿಲ್ಲ, ಹೊಟ್ಟೆ ಕತ್ತರಿಸಿದ್ದಾರೆ, ಮೊದಲು ವಿಟಮಿನ್ ಹಾಕಿ ಎಂದು. ಡಾಕ್ಟರು ತಾವೇ ಬಾಟಲಿ ಪಕ್ಕಕ್ಕಿಟ್ಟು ನನ್ನ ಫೋನಿನಿಂದ ರಂಜನಿ ಮೇಡಂ ಜೊತೆ ಮಾತಾಡಿ ಇಂಜೆಕ್ಷನ್ ಕೊಟ್ಟರು. ನಾಳೆಯೇ ಮೈಸೂರಿಗೆ ಹೋಗಿ ಅಡ್ಮಿಟ್ ಆಗಬೇಕು ಎಂದರು.

ಆಟೋದಲ್ಲಿ ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಅರ್ಧ ದಾರಿಯಲ್ಲಿ ಅತ್ತೆ, “ಮೊಗ ಇಲ್ಲ ಅಂತೀಯ. ಒಟ್ಟೆನೂ ಇಲ್ಲ ಅಂತೀಯ. ಇನ್ನೇನವ್ವ ಐತೆ ನಿನ್ತಾವ?” ಎಂದರು. ಆಟೋದವನು ಹಿಂದಿರುಗಿ ನೋಡಿದ. “ನಿಮ್ಮವ್ವ ದೇವ್ರ ಮುಂದೆ ಕುಂತ್ಕಂಡು ಕಲ್ಲು ಅಂದ್ಳಲ್ಲೇ ನನ್ ಕುಟೆ. ನಾನೇನು ತೂಕ ಆಕುಸ್ಕಂಡಾ ಸೊಸೆ ತಂದದ್ದು?” ಅಂದರು. ಸಿಟ್ಟು ಅಮ್ಮಾ, ನಿಜವಾದ ಸಿಟ್ಟು. ಆದರೆ ಮನೆ ಬಂದಾಗ ನನ್ನ ಸೊಂಟ ಹಿಡಿದು ಇಳಿಸಿದವರೂ ಅವರೇ, ಕಾಲು ಊರಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದವರೂ ಅವರೇ.

ಪಾದಕ್ಕೆ ಅರಿವು ಮತ್ತೆ ಬರುತ್ತದೆಯೇ ಎಂದು ರಂಜನಿ ಮೇಡಂ ಅವರನ್ನು ಕೇಳಿದೆ. ಬೇಗ ಹಿಡಿದರೆ ಬಹಳಮಟ್ಟಿಗೆ ಬರುತ್ತದೆ ಎಂದರು. ಬಹಳಮಟ್ಟಿಗೆ. ಆ ಮಾತನ್ನು ಮಧ್ಯಾಹ್ನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನನಗೆ ಇಪ್ಪತ್ತಾರು ವರ್ಷ.

ನೀನು ಮೈಸೂರು ಸ್ಟೇಷನ್ನಿಗೇ ಬಾ. ಡಿಸ್ಚಾರ್ಜ್ ಫೈಲು, ಬೀರುವಿನ ಡಬ್ಬಿ ತಾ. ಅತ್ತೆಯನ್ನು ನೋಡಿದ ತಕ್ಷಣ ಏನಾದರೂ ಕಥೆ ಹೇಳಲು ಹೋಗಬೇಡ. ಎಷ್ಟಾಯ್ತು ಎಂದು ಮಾತ್ರ ಕೇಳಬೇಡ ಅಮ್ಮಾ, ಇನ್ನೊಂದು ಸ್ವಲ್ಪ ದಿನ.

ಹೆದರಿರುವ, ಆದರೂ ನಿನ್ನವಳೇ ಆದ,
ಮೇಘು

ಬರೆಯದೆ ಬಿಟ್ಟಿದ್ದು: ಕಿಶನ್ ಬೆಳಿಗ್ಗೆಯೇ ನಾಗಮಂಗಲಕ್ಕೆ ಹೋಗಿದ್ದರು, ಅಲ್ಲಿರುವ ಅವರ ಅಕ್ಕನಿಗೆ ಸುದ್ದಿಯನ್ನು ಬಾಯಿಯಾರೆ ಹೇಳಲು. ಈಗಷ್ಟೇ ಬಂದರು. ತೊಟ್ಟಿಲಿಗೆ ಹಾಸಲೆಂದು ಅಕ್ಕ ತನ್ನ ಮೆತ್ತನೆಯ ಹಳೆಯ ಸೀರೆಗಳನ್ನೆಲ್ಲ ಗಂಟು ಕಟ್ಟಿ ಕಳಿಸಿದ್ದಾರೆ. ಕಿಶನ್‌ಗೆ ಇನ್ನೂ ಏನೂ ಗೊತ್ತಿಲ್ಲ. ಮೈಸೂರಿನ ಡಾಕ್ಟರಿಗೆ ತೋರಿಸಬೇಕಂತೆ ಎಂದಷ್ಟೇ ಹೇಳಿದೆ, ಸ್ಕ್ಯಾನಿಂಗಿಗೆ ತಾನೇ ಎಂದು ಕುಣಿಯುತ್ತಾ ತಾವೂ ಹೊರಟಿದ್ದಾರೆ. “ಅವನಿಗೆ ನಾನೇಳಕಿಲ್ಲ, ನೀನೇ ಏಳ್ಬೇಕು. ರೈಲಿಳಿಯಗಂಟ ಟೈಮೈತೆ” ಎಂದು ಅತ್ತೆ ಒಳಗೆ ಹೋದರು. ನಾವು ಮೂವರೂ ಬರುತ್ತಿದ್ದೇವೆ. ಮೊದಲು ಕಿಶನ್ ಮುಖ ನೋಡು, ಹೇಳಿದ್ದೇನೋ ಇಲ್ಲವೋ ನಿನಗೇ ತಿಳಿಯುತ್ತದೆ. ನಾಳೆ, ಶುಕ್ರವಾರ, ಅರಸೀಕೆರೆ ಕಡೆಯಿಂದ ಬರುವ ಬೆಳಗಿನ ಮೈಸೂರು ಪ್ಯಾಸೆಂಜರ್.