ಹದಿನಾಲ್ಕನೇ ಪ್ರಶ್ನೆ

ಫೆಬ್ರವರಿ 3, ಬೆಳಿಗ್ಗೆ 7

ಚಾಕು ಮೂರೂ ಬೀರುವಿನಲ್ಲಿ. ಕತ್ತರಿಯೂ. ಬೀಗ ಎರಡು ಸಲ ಎಳೆದು ನೋಡಿದೆ — ಇಲ್ಲ, ಐದು ಸಲ. ಸುಳ್ಳು ಬರೆಯಲು ಇದೇನು ಕಾಲೇಜಿನ ವರದಿಯೇ? ಬೀನ್ಸ್ ಕೈಯಲ್ಲೇ ಮುರಿದು ಬೇಯಿಸಿದೆ. ಹತ್ತಕ್ಕೆ ಕ್ಲಾಸು. ಪಾಠ: ಮನೋರೋಗದ ಕಾರಣ ಮತ್ತು ಚಿಕಿತ್ಸೆ, ನಾಲ್ಕು ದೃಷ್ಟಿಕೋನಗಳು. ಹದಿನೇಳು ವರ್ಷದಿಂದ ಮಾಡುತ್ತಿರುವ ಪಾಠ. ದೀಪದ ಬುಡದಲ್ಲೇ ಕತ್ತಲೆ.

ಸಂಜೆ

ತಂಗಿ ಮೇಲಿನ ಮಹಡಿಯಿಂದ ಇಳಿದು ಬಂದಳು. ಹೆಗಲ ಮೇಲೆ ನಾಲ್ಕು ತಿಂಗಳ ಗುಂಡಮ್ಮ.

"ಅಕ್ಕಾ, ಮಾರ್ಚ್ ಒಂದರಿಂದ ನಾನು ಕೆಲಸಕ್ಕೆ ಹೋಗ್ಬೇಕು. ಮಧ್ಯಾಹ್ನ ಎರಡರಿಂದ ಐದು ನೀನೇ ನೋಡ್ಕೊಳ್ತೀಯ ತಾನೇ? ಕ್ಲಿನಿಕ್ಕಲ್ಲಿ ಹೇಳ್ಬಿಟ್ಟಿದೀನಿ."

"ಆಯ್ತು" ಅಂದೆ. ಯಾವ ಬಾಯಲ್ಲಿ ಅಂದೆನೋ. ಅವಳು ಮಗುವನ್ನು ನನ್ನ ಕೈಗೆ ಕೊಡಲು ಬಂದಳು. "ಕೈಯೆಲ್ಲ ಸೀಮೆಸುಣ್ಣ ಕಣೇ" ಅಂದು ಹಿಂದೆ ಸರಿದೆ. ಕೈ ತೊಳೆದು ಒಂದು ಗಂಟೆಯಾಗಿತ್ತು.

ಫೆಬ್ರವರಿ 6

ಬರೆದೇಬಿಡುತ್ತೇನೆ. ಮಗುವನ್ನು ನೋಡಿದ ತಕ್ಷಣ ತಲೆಯೊಳಗೆ ಚಿತ್ರ ಬರುತ್ತದೆ — ನನ್ನ ಕೈ, ಚಾಕು, ಅದರ... ಮುಂದಿನದು ಬರೆಯಲಾರೆ. ನನಗದು ಬೇಡ. ಬೇಡ ಅಂದಷ್ಟೂ ಬರುತ್ತದೆ. ಗುಂಡಮ್ಮ ಅಂದರೆ ನನಗೆ ಜೀವ. ಹೆದರಿಕೆಯಾಗುತ್ತಿದೆ. ನನಗೆ ನನ್ನದೇ ಹೆದರಿಕೆ.

ಫೆಬ್ರವರಿ 9

ಹೆಡ್ಡು, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಪ್ರಶ್ನೆಪತ್ರಿಕೆ ಇವತ್ತೇ ಬೇಕೆಂದು ತಲೆಯ ಮೇಲೆ ಕೂತರು. ಹದಿನಾಲ್ಕನೇ ಪ್ರಶ್ನೆಗೆ ಒಂದು ಕೇಸು ಬೇಕು. ಏನೂ ಹೊಳೆಯಲಿಲ್ಲ. ಕೈ ತಾನಾಗಿ ಬರೆಯಿತು: ‘ಕ’ ನಲವತ್ತೆರಡು ವರ್ಷದ ಮಹಿಳೆ. ತಂಗಿಯ ಮಗುವಿಗೆ ಕೇಡು ಮಾಡಿಬಿಡುವೆನೆಂಬ ಯೋಚನೆ. ಚಾಕು ಬಚ್ಚಿಡುತ್ತಾಳೆ. ಮಗುವನ್ನು ಎತ್ತಿಕೊಳ್ಳುವುದಿಲ್ಲ. ಎರಡು ದೃಷ್ಟಿಕೋನಗಳಿಂದ ಕಾರಣ ಮತ್ತು ಚಿಕಿತ್ಸೆ ವಿವರಿಸಿ. ಹತ್ತು ಅಂಕ.

"ಭೇಷ್! ಎಲ್ಲಿ ಸಿಕ್ತು ಮೇಡಂ ಈ ಕೇಸು?" ಅಂದರು ಹೆಡ್ಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಹಳೇ ಪುಸ್ತಕದಲ್ಲಿ ಸರ್."

"ಸರಿ, ಮಾದರಿ ಉತ್ತರ ಬರೆದು ನಾಳೆ ಕೊಡಿ. ಅಂಕ ಹಂಚಿಕೆ ಸಮೇತ."

ಫೆಬ್ರವರಿ 10

ಒಂದೊಂದು ದೃಷ್ಟಿಕೋನಕ್ಕೆ ಐದು ಅಂಕ: ಕಾರಣಕ್ಕೆ ಮೂರು, ಚಿಕಿತ್ಸೆಗೆ ಎರಡು. ನನ್ನ ಕಾಯಿಲೆಗೆ ನಾನೇ ಮಾದರಿ ಉತ್ತರ. ಇಂಥ ಯೋಚನೆಗೆ ಇಷ್ಟು ಹೆದರುವವರು ಹಾಗೆ ಮಾಡುವವರಲ್ಲ ಅನ್ನುತ್ತದೆ ಪುಸ್ತಕ. ನಾನೇ ಸಾವಿರ ಸಲ ಹೇಳಿದ ಮಾತು. ಇವತ್ತು ನಂಬಿಕೆ ಬರುತ್ತಿಲ್ಲ. ಪುಸ್ತಕ ಬರೆದವರು ನನ್ನನ್ನು ನೋಡಿಲ್ಲವಲ್ಲ...

ಫೆಬ್ರವರಿ 24

ಅರವತ್ತೊಂದು ಉತ್ತರ ಪತ್ರಿಕೆ. ಅರವತ್ತೊಂದು ಜನ ನನ್ನನ್ನು ಬಿಡಿಸಿ ನೋಡಿದ್ದಾರೆ.

ಮೊದಲನೆಯದು: ಮೆದುಳಿನ ರಾಸಾಯನಿಕಗಳ ಏರುಪೇರು, ಮಾತ್ರೆ. ಇರಲಿ, ಮಾತ್ರೆಯಾದರೆ ನುಂಗಬಹುದು. ಆರನೆಯದು: ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಅವಳನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿನ ಪಕ್ಕ ಕೂರಿಸಬೇಕು. ಓದುವಾಗಲೇ ಬೆವರಿದೆ. ಹನ್ನೊಂದನೆಯದು: "ಇವಳಿಗೆ ಮಕ್ಕಳಿಲ್ಲ. ತಂಗಿಯ ಮೇಲೆ ಬಾಲ್ಯದಿಂದ ಅದುಮಿಟ್ಟ ಹೊಟ್ಟೆಕಿಚ್ಚು. ಆಳದಲ್ಲಿ ಇವಳಿಗೆ ಆ ಮಗು ಸಾಯಬೇಕೆಂದೇ ಇದೆ."

ಮಕ್ಕಳಿಲ್ಲವೆಂದು ನಾನು ಎಲ್ಲೂ ಬರೆದಿರಲಿಲ್ಲ. ಇದೇ ನಿಜವಾಗಿದ್ದರೆ? ಅಂಕ ಹಂಚಿಕೆಯ ಪ್ರಕಾರ ಐದಕ್ಕೆ ನಾಲ್ಕು. ಕೊಟ್ಟೆ.

ಫೆಬ್ರವರಿ 28, ಮಧ್ಯಾಹ್ನ

ನಾಲ್ಕು ದಿನ ಬಾಗಿಲು ಹಾಕಿಕೊಂಡಿದ್ದೆ. ನನಗೆ ಜ್ವರವೆಂದು ತಂಗಿಗೆ ಸುಳ್ಳು ಹೇಳಿದೆ. ಮಗುವಿಗೆ ತಗಲೀತು, ಬರಬೇಡ ಅಂದೆ. ಒಳಗಿನಿಂದ ಗುಂಡಮ್ಮನ ಅಳು ಕೇಳಿಸಿಕೊಂಡೆ. ನಾಳೆ ಏನು ಸುಳ್ಳು ಹೇಳಲಿ?

ಕೊನೆಯ ಪತ್ರಿಕೆ ಹಿಂದಿನ ಬೆಂಚಿನ ಹುಡುಗಿಯದು. ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಒಂದೂ ದೃಷ್ಟಿಕೋನ ಬರೆದಿಲ್ಲ.

"ಸಿದ್ಧಾಂತ ಮರೆತುಹೋಯಿತು, ಕ್ಷಮಿಸಿ. ಆದರೆ ಚಾಕು ಬಚ್ಚಿಡುವವಳು ಮಗುವನ್ನು ಕಾಯುತ್ತಿದ್ದಾಳೆ ಅಲ್ಲವೇ? ತಂಗಿಗೆ ಹೇಳಿದ್ದಾಳೆಯೇ? ಒಬ್ಬಳೇ ಎಷ್ಟು ಹೆದರಿದ್ದಾಳೋ ಪಾಪ."

ಅಂಕ ಹಂಚಿಕೆಯ ಪ್ರಕಾರ ಸೊನ್ನೆ. ಹಾಕಲು ಕೈ ಬರಲಿಲ್ಲ. ಅತ್ತೆ. ಜೋರಾಗಿಯೇ ಅತ್ತೆ.

ಮಾರ್ಚ್ 1, ಮಧ್ಯಾಹ್ನ 1.20

ತಂಗಿ ಮಗುವನ್ನು ಬಿಡಲು ಬಂದಳು. ಪ್ರಶ್ನೆಪತ್ರಿಕೆಯನ್ನೂ ಆ ಹುಡುಗಿಯ ಉತ್ತರವನ್ನೂ ಅವಳ ಕೈಗಿಟ್ಟೆ. ಎರಡು ಸಲ ಓದಿದಳು.

"ಯಾರಕ್ಕಾ ಈ ‘ಕ’?"

"ನಾನೇ ಕಣೇ."

ಮಗುವನ್ನು ಎದೆಗೆ ಒತ್ತಿಕೊಂಡಳು. ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಹಾಕಿದ ಸದ್ದು... ಮುಗಿಯಿತು. ಹೇಳಬಾರದಿತ್ತು. ಇನ್ನು ಈ ಮೆಟ್ಟಿಲು ಇಳಿಯುವವರು ಯಾರು?

1.45

ಇಳಿದು ಬಂದಳು. ಕಣ್ಣು ಕೆಂಪು. ಗುಂಡಮ್ಮ ಹೆಗಲ ಮೇಲೇ ಇದ್ದಾಳೆ. ಇಷ್ಟು ಹೊತ್ತೂ ಫೋನಿನಲ್ಲಿದ್ದಳಂತೆ.

"ಇವತ್ತು ಕೆಲಸಕ್ಕೆ ಬರಲ್ಲ ಅಂದೆ. ನಾಳೆ ಹತ್ತಕ್ಕೆ ಮಾನಸಿಕ ಡಾಕ್ಟರು, ನಾನೂ ಜೊತೆಗೆ ಬರ್ತೀನಿ. ಊರಿಗೆಲ್ಲಾ ಪಾಠ ಹೇಳಿದ್ದು ಸಾಕು, ಒಂದಿನ ನೀನು ಬೆಂಚಲ್ಲಿ ಕೂತ್ಕೋ."

"ನಿನಗೆ ಹೆದರಿಕೆ ಆಗಲ್ವೇನೇ?"

"ಆಗತ್ತೆ. ಅದಕ್ಕೇ ಇಲ್ಲೇ, ನಿನ್ನ ಪಕ್ಕದಲ್ಲೇ ಕೂರ್ತೀನಿ. ಬರೆದಿದ್ದು ಸಾಕು, ಪೆನ್ನು ಇಡಕ್ಕಾ. ಕೈ ಚಾಚು."

ಚಿತ್ರ ಬಂದಿದೆ, ಹೋಗಿಲ್ಲ. ಅವಳು ಮಗುವನ್ನು ನನ್ನ ಕಡೆಗೆ —